ಮುಂಚೆಯೇ ತೀರಿಸಿದ ಹರಕೆ

ಬೆನ್ವಿಂದಾ ಅಜ್ಜಿ ಒಮ್ಮೆ ಹರಕೆ ಹೊತ್ತಳೆಂದರೆ ಅದು ತೀರುವ ತನಕ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುತ್ತಿರಲಿಲ್ಲ. ತನ್ನ ಮೊಣಕಾಲು ನೋವಿಗೊಂದು ಹರಕೆ, ಮಗ ಆರ್ಲಿಂಡೊನ ಹಸುಗಳಿಗೆ ಕೆಚ್ಚಲು ಬಾವು ಬಂದರೆ ಒಂದು, ಪಕ್ಕದ ಮನೆಯವರ ನಾಯಿ ಕಳೆದುಹೋದರೆ ಅದಕ್ಕೂ ಒಂದು. ಅವಳು ಹುಟ್ಟಿದ ಅಜೋರ್ಸ್ ದ್ವೀಪದಲ್ಲಿ ಪವಿತ್ರಾತ್ಮನಿಗೆ ಹೇಳಿಕೊಂಡ ಹರಕೆಯನ್ನು ಮರೆತವರು ಉದ್ಧಾರವಾದದ್ದೇ ಇಲ್ಲವಂತೆ. ಕ್ಯಾಲಿಫೋರ್ನಿಯಾಕ್ಕೆ ಬಂದು ಐವತ್ತು ವರ್ಷವಾಗಿದ್ದರೂ ದೇವರ ವಿಷಯದಲ್ಲಿ ಅವಳು ಹಡಗಿನಿಂದ ಇಳಿದೇ ಇರಲಿಲ್ಲ. ಹಾಗಾಗಿ ಮೊಮ್ಮಗಳು ಡೆಲ್ಫೀನಾ ಯೂನಿವರ್ಸಿಟಿಗೆ ಹೋಗುವಂತಾದರೆ ಒಂದು ಹೋರಿ ಕೊಟ್ಟು ಇಡೀ ಚರ್ಚಿನವರಿಗೆ ಊಟ ಹಾಕಿಸುತ್ತೇನೆ ಎಂದು ಅವಳು ಹರಕೆ ಹೊತ್ತಾಗ ಮನೆಯವರು ತಲೆ ಕೆಡಿಸಿಕೊಳ್ಳಲಿಲ್ಲ.

ಮಾರ್ಚಿ ತಿಂಗಳಲ್ಲಿ ಉತ್ತರದ ದೊಡ್ಡ ಯೂನಿವರ್ಸಿಟಿಯವರು ಡೆಲ್ಫೀನಾಗೆ ಸೀಟು ಕೊಟ್ಟರು. ಮನೆಯಿಂದ ಕಾರಿನಲ್ಲಿ ಮೂರು ಗಂಟೆ ದಾರಿ; ದನಗಳ ಡಾಕ್ಟರಾಗಬೇಕು ಎನ್ನುವ ಮಕ್ಕಳೆಲ್ಲ ಕಣ್ಣಿಟ್ಟಿರುವ ಜಾಗ. ಸುದ್ದಿ ಕೇಳಿ ಅವಳ ತಾಯಿ ಓಡೀಲಿಯಾ ಒಲೆಯ ಮುಂದೆ ನಿಂತಲ್ಲೇ ಗಳಗಳ ಅತ್ತುಬಿಟ್ಟಳು. ಅವಳು ಊರಿನ ಪ್ರೈಮರಿ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವವಳು. ಮಗಳು ಬಡಿಸುವ ಕೆಲಸಕ್ಕೆ ಬರಬಾರದು ಎಂಬುದೊಂದೇ ಹದಿನೆಂಟು ವರ್ಷದಿಂದ ಅವಳ ಪ್ರಾರ್ಥನೆ.

ಅಜ್ಜಿಗೆ ಮಾತ್ರ ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಚರ್ಚಿನ ಸಭಾಂಗಣ ಏಪ್ರಿಲ್‌ನ ಒಂದು ಭಾನುವಾರ ಖಾಲಿ ಇದೆ ಎಂದು ಗೊತ್ತಾದದ್ದೇ ಅದನ್ನು ಹಿಡಿದಿಟ್ಟಳು.

"ಅವಳು ಮೊದಲು ಹೋಗ್ಲಿ ಅತ್ತೆ, ಆಮೇಲೆ ತೀರಿಸಿದ್ರಾಯ್ತು," ಎಂದಳು ಓಡೀಲಿಯಾ. "ಕೂಸು ಹುಟ್ಟೋ ಮುಂಚೆ ಕುಲಾವಿ ಯಾಕೆ?"

"ಹೋರಿ ಈಗ ಮೈತುಂಬಿ ನಿಂತಿದೆ. ಆಗಸ್ಟ್‌ವರೆಗೆ ಮೇವು ನೀನು ಹಾಕ್ತೀಯಾ? ದೇವರಿಗೆ ಮುಂಚೆ ಕೊಟ್ರೆ ಬೇಡ ಅಂತಾನಾ?"

ಹೀಗೆ ಹೋರಿ ಹೋಯಿತು. ಆ ಭಾನುವಾರ ಸಭಾಂಗಣದ ಹಿಂದೆ ಹಂಡೆಗಳಲ್ಲಿ ಮಾಂಸ ರಾತ್ರಿಯಿಡೀ ಬೆಂದು ಸಾರು ಘಮಘಮಿಸುತ್ತಿತ್ತು. ದಪ್ಪ ರೊಟ್ಟಿ ತುಂಡುಗಳ ಮೇಲೆ ಪುದೀನ ಇಟ್ಟು ಅದರ ಮೇಲೆ ಸಾರು ಸುರಿದು ಬಡಿಸುತ್ತಿದ್ದರು. ಅದನ್ನೇ ಅವರು ಸೋಪಾಸ್ ಎನ್ನುವುದು. ಹರಕೆಯ ಊಟಕ್ಕೆ ಯಾರೂ ದುಡ್ಡು ಕೊಡುವಂತಿಲ್ಲ, ಯಾರನ್ನೂ ಬರಬೇಡಿ ಎನ್ನುವಂತಿಲ್ಲ. ಊರಿಗೆ ಊರೇ ಬಂದು ಉಂಡಿತು. ಪಾದ್ರಿಗಳು ಎದ್ದುನಿಂತು ಡೆಲ್ಫೀನಾಳ ಹೆಸರು ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಅಜ್ಜಿಯ ಬಾಲ್ಯದ ಗೆಳತಿ, ಅಷ್ಟೇ ಹಳೆಯ ಎದುರಾಳಿ ಲುದೊವಿನಾ, ಎರಡನೇ ಸಲ ಬಡಿಸಿಕೊಳ್ಳುತ್ತಾ, "ಮಾಂಸ ಸ್ವಲ್ಪ ಗಟ್ಟಿ," ಎಂದಳು.

ಡೆಲ್ಫೀನಾ ಮಾತ್ರ ರೊಟ್ಟಿ ಕತ್ತರಿಸುತ್ತಾ ತಲೆ ಎತ್ತಲೇ ಇಲ್ಲ. ನಾಚಿಕೆ ಇರಬೇಕು ಎಂದುಕೊಂಡಳು ಓಡೀಲಿಯಾ. ಹಿಂದಿನ ದಿನವಷ್ಟೇ ಅವಳು ಗೆಳತಿಯರ ಜೊತೆ ಯೂನಿವರ್ಸಿಟಿಗೆ ಹೋಗಿ, ಹೊಸಬರಿಗೆಂದು ಇಟ್ಟಿದ್ದ ಪಾಠದಲ್ಲಿ ಕೂತು ಬಂದಿದ್ದಳು. ದಣಿವೂ ಇರಬಹುದು.

ಮನೆಗೆ ವಾಪಸಾಗುವಾಗ ಗಾಡಿಯಲ್ಲಿ ನಾಲ್ಕೂ ಜನ ಇದ್ದರು. ಅಜ್ಜಿಯ ತೊಡೆಯ ಮೇಲೆ ತೊಳೆದ ಪಾತ್ರೆ, ಮುಖದಲ್ಲಿ ಋಣ ಹರಿದುಕೊಂಡವಳ ಕಳೆ.

"ಅಜ್ಜಿ, ಬೈಬೇಡ," ಎಂದಳು ಡೆಲ್ಫೀನಾ. "ನಾನು ಈ ವರ್ಷ ಯೂನಿವರ್ಸಿಟಿಗೆ ಹೋಗಲ್ಲ. ನಮ್ಮೂರ ಕಮ್ಯುನಿಟಿ ಕಾಲೇಜಲ್ಲಿ ಎರಡು ವರ್ಷ ಓದಿ, ಆಮೇಲೆ ಹೋಗ್ತೀನಿ."

ಅಜ್ಜಿ ತೊಡೆಯ ಮೇಲಿನ ಪಾತ್ರೆಯ ಮುಚ್ಚಳವನ್ನು ಒತ್ತಿ ಹಿಡಿದಳು.

"ಆರ್ಲಿಂಡೊ," ಎಂದಳು ಅಜ್ಜಿ. "ಗಾಡಿ ನಿಲ್ಸು. ನಾನು ನಡ್ಕೊಂಡು ಬರ್ತೀನಿ."

ಮೊಣಕಾಲು ನೋವಿನ ಹೆಂಗಸು ನೂರು ಹೆಜ್ಜೆ ನಡೆದು, ಬಾದಾಮಿ ತೋಟದ ಮೂಲೆಯಲ್ಲಿ ಮತ್ತೆ ಗಾಡಿ ಹತ್ತಿದಳು. ಆದರೆ ಮಾತು ಬಿಟ್ಟಳು.

ಮರುದಿನ ರಾತ್ರಿಯ ಊಟಕ್ಕೆ ಎಲೆಕೋಸು, ಆಲೂಗಡ್ಡೆ ಹಾಕಿದ ಸೂಪು ಮತ್ತು ಜೋಳದ ರೊಟ್ಟಿ. ಮಾತು ಬಿಟ್ಟವಳೇ ಮೊದಲು ಬಾಯಿ ತೆರೆದಳು.

"ಈಗ ನಾನೇನು ಮಾಡ್ಲಿ? ಪವಿತ್ರಾತ್ಮನ ಹತ್ರ ಹೋಗಿ ಹೋರಿ ವಾಪಸ್ ಕೊಡಪ್ಪಾ ಅನ್ಲಾ? ಊರೆಲ್ಲ ತಿಂದು ತೇಗಿಯೂ ಆಯ್ತು."

"ನಾನು ಹರಕೆ ಹೊರು ಅಂದಿದ್ನಾ ಅಜ್ಜಿ?"

"ಅನ್ಲಿಲ್ಲ. ಆದ್ರೆ ನಾಲ್ಕು ತುಂಡು ನೀನೂ ತಿಂದೆ. ನಾನು ನೋಡಿದೀನಿ."

ಡೆಲ್ಫೀನಾಗೆ ನಗು ಬಂತು, ನುಂಗಿಕೊಂಡಳು. "ಸ್ವಲ್ಪ ಕೇಳಿಸ್ಕೊಳ್ಳಿ ಎಲ್ರೂ. ಇಲ್ಲಿ ಇಂತಿಂಥ ಪಾಠ, ಇಷ್ಟಿಷ್ಟು ಅಂಕ ಅಂತ ಕಾಲೇಜೂ ಯೂನಿವರ್ಸಿಟಿಯೂ ಮೊದಲೇ ಗೊತ್ತುಮಾಡ್ಕೊಂಡಿರ್ತವೆ. ಅಷ್ಟು ಮುಗಿಸಿದ್ರೆ ಅದೇ ಯೂನಿವರ್ಸಿಟಿ ಮೂರನೇ ವರ್ಷಕ್ಕೆ ನನ್ನನ್ನ ತಗೊಳ್ಳಲೇಬೇಕು. ಕೊನೆಗೆ ಸಿಗೋ ಡಿಗ್ರಿ ಒಂದೇ. ಎರಡು ವರ್ಷದ ಸಾಲ ತಪ್ಪುತ್ತೆ."

"ಸಾಲದ ಮಾತು ಯಾಕೆ?" ಎಂದಳು ಓಡೀಲಿಯಾ. "ಸಾಲ ನಾವು ತೀರಿಸ್ತೀವಿ."

"ಸಾಲ ಒಂದೇ ಅಲ್ಲಮ್ಮ."

"ಮತ್ತೇನು? ಹುಡುಗ ಯಾರಾದ್ರೂ?"

"ಅಮ್ಮಾ! ಈ ಊರಲ್ಲಿ ಹುಡುಗರೆಲ್ಲ ನನಗೆ ಒಂದಲ್ಲ ಒಂದು ರೀತಿ ಅಣ್ಣ ತಮ್ಮಂದಿರೇ."

ಆರ್ಲಿಂಡೊ ಇಷ್ಟು ಹೊತ್ತೂ ಸೂಪಿನಲ್ಲಿ ಮುಖ ಹುದುಗಿಸಿದ್ದವನು ಎರಡನೇ ಸಲ ಬಡಿಸಿಕೊಂಡ. ಇನ್ನೂರು ಹಸುಗಳ ಹಟ್ಟಿ ನಡೆಸುವ ಆ ಮನುಷ್ಯ ಮಾತಿನಲ್ಲಿ ಬಲು ಜಿಪುಣ. "ಮಗು ಹೇಳೋದ್ರಲ್ಲೂ ಅರ್ಥ ಇದೆ," ಎಂದ. "ಎರಡು ವರ್ಷ ಏನು, ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಹೋಗುತ್ತೆ."

ಓಡೀಲಿಯಾ ಸೌಟು ಕೆಳಗಿಟ್ಟಳು. "ಹೋಗುತ್ತೆ. ನನಗೂ ಹೋಯ್ತು. ನಾನೂ ಎರಡು ವರ್ಷ ಅಂತಲೇ ಅದೇ ಕಾಲೇಜಿಗೆ ಸೇರಿದ್ದು. ಎಲ್ಲಿದೀನಿ ಈಗ? ಶಾಲೆ ಮಕ್ಕಳಿಗೆ ಮೆಕರೋನಿ ಬಡಿಸ್ತಿದೀನಿ. ಅದು ಬಸ್ ಸ್ಟ್ಯಾಂಡ್ ಇದ್ದ ಹಾಗೆ ಡೆಲ್ಫೀನಾ. ಹೋಗೋರು ಹೋಗ್ತಾರೆ, ಉಳಿದೋರು ಬೆಂಚ್ ಮೇಲೆ ಕೂತೇ ಇರ್ತಾರೆ. ಸಿಕ್ಕ ಬಸ್ಸು ಬಿಡಬೇಡ."

"ನೀನು ಯಾಕೆ ಬಿಟ್ಟೆ ಅಂತ ಯಾವತ್ತೂ ಹೇಳಿಲ್ಲ."

"ಬಿಟ್ಟೆ. ಅಷ್ಟೇ. ರೊಟ್ಟಿ ತಗೋ, ಆರ್ತಿದೆ."

ಆ ವಾರವೆಲ್ಲ ಮನೆಯಲ್ಲಿ ಬಾಗಿಲುಗಳು ಸ್ವಲ್ಪ ಜೋರಾಗಿಯೇ ಮುಚ್ಚಿಕೊಂಡವು. ಯೂನಿವರ್ಸಿಟಿಗೆ ಹೂಂ ಅಥವಾ ಊಹೂಂ ಎನ್ನಲು ಮೇ ಒಂದನೇ ತಾರೀಕು ಕೊನೆ. ಅಷ್ಟರಲ್ಲಿ ಮಗಳ ಮನಸ್ಸು ತಿರುಗಿಸಲೇಬೇಕು ಎಂದು ಓಡೀಲಿಯಾ ಹಟ ತೊಟ್ಟಳು. ಶಾಲೆಯ ಅಡುಗೆಮನೆಯಲ್ಲಿ ಜೊತೆಗಿದ್ದವರನ್ನೆಲ್ಲ ಕೇಳಿದಳು. ಒಬ್ಬಳು ತನ್ನ ತಂಗಿ ಹಾಗೆ ಹೋಗಿ ನರ್ಸ್ ಆದಳೆಂದಳು. ಇನ್ನೊಬ್ಬಳು ತನ್ನ ಮಗ ಮೂರು ಸಲ ಸೇರಿ ಮೂರು ಸಲ ಬಿಟ್ಟನೆಂದಳು. ಓಡೀಲಿಯಾ ಎರಡನೆಯದನ್ನು ಮಾತ್ರ ಮನೆಗೆ ತಂದಳು.

ಶನಿವಾರ ಬೆಳಿಗ್ಗೆ ಕರುಗಳಿಗೆ ಹಾಲು ಕುಡಿಸುವ ಹೊತ್ತಿಗೆ ಅವಳೂ ಮಗಳ ಜೊತೆ ಹೋದಳು. ಸಾಲಾಗಿ ಬಿಳಿ ಗೂಡುಗಳು, ಒಂದೊಂದರಲ್ಲಿ ಒಂದೊಂದು ಕರು. ಬಾಟಲಿ ಕಂಡದ್ದೇ ಎಲ್ಲವೂ ಕತ್ತು ಹೊರಗೆ ಚಾಚಿದವು. ಡೆಲ್ಫೀನಾ ಒಂದರ ಕಿವಿ ಮುಟ್ಟಿ ನೋಡಿ, "ಇದಕ್ಕೆ ಜ್ವರ," ಎಂದು ಅದನ್ನು ಬೇರೆ ಇಟ್ಟಳು.

"ನಿಜ ಹೇಳು," ಎಂದಳು ಓಡೀಲಿಯಾ. "ಅಲ್ಲಿ ಏನಾಯ್ತು? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ಲಿಲ್ಲ. ಅದೇ ನೋಡು. ನಾನೂರು ಜನ ಕೂತಿದ್ವಿ ಒಂದೇ ಕೋಣೇಲಿ. ಮೇಷ್ಟ್ರು ಕೆಳಗೆಲ್ಲೋ ಬೆರಳಷ್ಟು ಕಾಣ್ತಿದ್ರು. ಕೆಮಿಸ್ಟ್ರಿ ಪಾಠ. ಪಕ್ಕದ ಹುಡುಗಿ ಎಲ್ಲಾ ಗೊತ್ತಿರೋ ಹಾಗೆ ತಲೆ ಆಡಿಸ್ತಿದ್ಲು. ನನಗೆ ಅರ್ಥವಾಗದೇ ಇದ್ದದ್ದು ಯಾವುದು ಅಂತಾನೂ ಅರ್ಥವಾಗ್ಲಿಲ್ಲ."

"ಹೊಸದು. ಕಲೀತೀಯ."

"ಅಮ್ಮ, ನಮ್ಮ ಹೈಸ್ಕೂಲಲ್ಲಿ ಕೆಮಿಸ್ಟ್ರಿಗೆ ಮೇಷ್ಟ್ರೇ ಇರ್ಲಿಲ್ಲ. ವರ್ಷವೆಲ್ಲ ಬದಲಿ ಮೇಷ್ಟ್ರು ಬಂದು ಸಿನಿಮಾ ಹಾಕ್ತಿದ್ರು. ನಾನೇನೂ ಕಲಿತಿಲ್ಲ ಅಂತ ಗೊತ್ತಿದ್ದೂ ನನಗೆ ಎ ಕೊಟ್ರು. ಆ ಎ ಹಿಡ್ಕೊಂಡು ನಾನೂರು ಜನರ ನಡುವೆ ಕೂತ್ರೆ ಮೊದಲ ವರ್ಷವೇ ಮುಳುಗ್ತೀನಿ. ಇಲ್ಲಿ ಮೂವತ್ತು ಜನ. ಕೈ ಎತ್ತಿದ್ರೆ ಕಾಣುತ್ತೆ." ಅವಳು ಮುಂದಿನ ಕರುವಿನ ಬಾಯಿಗೆ ಬಾಟಲಿ ಇಟ್ಟಳು. "ಹಾಲು ಬಿಡಿಸಿದ ದಿನವೇ ಕರುವನ್ನ ದೊಡ್ಡ ಹಿಂಡಿಗೆ ಬಿಡ್ತೀವಾ ನಾವು? ಆರೆಂಟು ಕರು ಇರೋ ಚಿಕ್ಕ ದೊಡ್ಡೀಲಿ ಇಟ್ಟು ಆಮೇಲೆ ತಾನೇ?"

"ಕೆಲವು ಕರು ಆ ಚಿಕ್ಕ ದೊಡ್ಡೀಲೇ ಬಡಕಲಾಗಿ ಉಳ್ಕೊಳ್ತವೆ."

"ಅದು ದೊಡ್ಡಿಯ ತಪ್ಪಲ್ಲ, ಮೇವು ಹಾಕೋರ ತಪ್ಪು ಅಂತ ಅಪ್ಪನೇ ಹೇಳೋದು."

ಈ ಹುಡುಗಿ ಹೆದರಿ ಹಿಂದೆಗೆಯುತ್ತಿಲ್ಲ, ಲೆಕ್ಕ ಹಾಕಿ ಹೆಜ್ಜೆ ಇಡುತ್ತಿದ್ದಾಳೆ ಎಂಬುದು ಓಡೀಲಿಯಾಗೆ ಮೊದಲ ಸಲ ಕಂಡಿತು. ಕಂಡದ್ದು ಹಿಡಿಸಲಿಲ್ಲ. ಹೆದರಿದ ಮಗಳನ್ನಾದರೆ ಬೈದು ಕಳಿಸಬಹುದಿತ್ತು.

ಅಜ್ಜಿಯ ಸಮಸ್ಯೆಯೇ ಬೇರೆ. ಮುಂದಿನ ಭಾನುವಾರ ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ಕಾಫಿ ಹಂಚುವಾಗ, ಸುದ್ದಿ ಆಗಲೇ ಬಿಸ್ಕತ್ತಿನ ತಟ್ಟೆಗಿಂತ ಮುಂದೆ ಓಡಾಡಿಬಿಟ್ಟಿತ್ತು. ಲುದೊವಿನಾ ಎಲ್ಲರೂ ಸೇರುವ ತನಕ ಕಾದು, ಆಮೇಲೆ ಗಂಟಲು ಸರಿಮಾಡಿಕೊಂಡಳು.

"ಏನು ಬೆನ್ವಿಂದಾ, ಹೀಗೂ ಉಂಟಾ? ಹೋರಿ ಯೂನಿವರ್ಸಿಟಿಗೆ, ಹುಡುಗಿ ಊರ ಕಾಲೇಜಿಗಾ?"

ಸುತ್ತಲಿದ್ದವರು ನಕ್ಕರು. ಪಾದ್ರಿಗಳೂ ಕಪ್ಪಿನ ಹಿಂದೆ ಮುಖ ಮರೆಸಿಕೊಂಡರು. ಓಡೀಲಿಯಾಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಮನೆಯಲ್ಲಿ ಒಂದು ವಾರದಿಂದ ಮೊಮ್ಮಗಳನ್ನು ಹುರಿದು ಮುಕ್ಕುತ್ತಿದ್ದ ಅಜ್ಜಿ ಈಗ ಇಲ್ಲೇ ಅತ್ತು ರಾಮಾಯಣ ಮಾಡುತ್ತಾಳೆ ಎಂದುಕೊಂಡಳು.

ಆದರೆ ಮನೆಯ ಹುಡುಗಿಯನ್ನು ಮನೆಯವರು ಬೈಯುವುದು ಬೇರೆ, ಲುದೊವಿನಾ ಆಡಿಕೊಳ್ಳುವುದು ಬೇರೆ. ಅಜ್ಜಿ ಊರುಗೋಲನ್ನು ನೆಲಕ್ಕೆ ಒತ್ತಿ ನೆಟ್ಟಗೆ ನಿಂತಳು.

"ನಿನ್ನ ಮೊಮ್ಮಗ ನೇರವಾಗಿ ಯೂನಿವರ್ಸಿಟಿಗೇ ಹೋದ್ನಲ್ಲ ಲುದೊವಿನಾ? ಕ್ರಿಸ್‌ಮಸ್‌ಗೆ ಬಂದೋನು ಈಸ್ಟರ್ ಆದ್ರೂ ನಿನ್ನ ಸೋಫಾ ಬಿಟ್ಟು ಎದ್ದಿಲ್ವಂತೆ? ನನ್ನ ಮೊಮ್ಮಗಳು ನಿಧಾನಕ್ಕೆ ಹೋಗ್ತಾಳೆ. ಹೋದೋಳು ಓದು ಮುಗಿಸಿಯೇ ಬರ್ತಾಳೆ."

"ಮತ್ತೆ ಹರಕೆ?"

"ಹರಕೆಗೇನಾಗಿದೆ? ತಡವಾಗಿ ಕೊಡೋರನ್ನ ದೇವರು ನೋಡಿದಾನೆ. ಮುಂಗಡ ಕೊಟ್ಟೋಳು ನಾನೊಬ್ಬಳೇ. ಎರಡು ವರ್ಷ ಅವನೇ ಜವಾಬ್ದಾರಿ."

ಈ ಸಲ ಪಾದ್ರಿಗಳು ಜೋರಾಗಿಯೇ ನಕ್ಕರು. ಅಜ್ಜಿ ಗೆದ್ದವಳಂತೆ ಎರಡು ಬಿಸ್ಕತ್ತು ತೆಗೆದುಕೊಂಡು ಬಂದು ಗಾಡಿಯಲ್ಲಿ ಕೂತಳು. ದಾರಿಯಲ್ಲಿ ಡೆಲ್ಫೀನಾಗೆ, "ನಾನು ನಿನ್ನ ಪರ ಅಂತ ತಿಳ್ಕೋಬೇಡ," ಎಂದಳು. "ಆ ಹೆಂಗಸಿನ ವಿರುದ್ಧ ಅಷ್ಟೇ." ಆದರೂ ಅಂದಿನಿಂದ ಮನೆಯಲ್ಲಿ ಹೋರಿಯ ಮಾತು ನಿಂತಿತು. ಓಡೀಲಿಯಾ ಒಬ್ಬಳೇ ಆದಳು.

ಇನ್ನೊಂದು ಸಂಗತಿ ಅವಳನ್ನು ಕಾಡುತ್ತಿತ್ತು. ಆರ್ಲಿಂಡೊ ಶಿಳ್ಳೆ ಹಾಕುತ್ತಿದ್ದ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವನು ಶಿಳ್ಳೆ ಹಾಕಿದ್ದು ಹಾಲಿನ ಬೆಲೆ ಏರಿದಾಗ ಮಾತ್ರ. ಹಾಲಿನ ಬೆಲೆಯೋ ಆಗ ಬಿದ್ದು ನೆಲ ಕಚ್ಚಿತ್ತು.

ಕಾರಣ ಗೊತ್ತಾದದ್ದು ಏಪ್ರಿಲ್ ಕೊನೆಯ ವಾರ. ಮಧ್ಯಾಹ್ನದ ಹಾಲು ಕರೆಯಲು ಬರುತ್ತಿದ್ದ ಎಫ್ರೇನ್ ಎಂಬ ಮೆಕ್ಸಿಕೊದ ಹುಡುಗ, ಓಡೀಲಿಯಾ ಕಾರಿನಿಂದ ಸಾಮಾನು ಇಳಿಸುತ್ತಿದ್ದಾಗ ಕೈಜೋಡಿಸಿದ.

"ಅಕ್ಕ, ನಿಮಗೆ ಬೇರೆ ಹಟ್ಟಿಯೋರು ಯಾರಾದ್ರೂ ಗೊತ್ತಿದ್ರೆ ಹೇಳಿ. ಆಗಸ್ಟಿಂದ ನನಗೆ ಕೆಲಸ ಬೇಕು."

"ಯಾಕಪ್ಪ? ಇಲ್ಲಿ ಬಿಡ್ತಿದೀಯಾ?"

"ನಾನು ಬಿಡ್ತಿಲ್ಲ ಅಕ್ಕ. ಮಧ್ಯಾಹ್ನದ ಹಾಲು ಆಗಿಂದ ಮಗಳು ನೋಡ್ಕೋತಾಳೆ ಅಂದ್ರು ಯಜಮಾನ್ರು. ನನ್ನ ಹೆಂಡತಿ ಬೇರೆ ಬಸುರಿ."

ಓಡೀಲಿಯಾ ಮೊಟ್ಟೆಯ ಡಬ್ಬಿಯನ್ನು ಕಾರಿನ ಮೇಲೆಯೇ ಬಿಟ್ಟು ಒಳಗೆ ಹೋದಳು. ಆ ರಾತ್ರಿ ಊಟಕ್ಕೆ ಸಾಸೇಜು ಹುರಿದು ಬೀನ್ಸ್ ಬೇಯಿಸಿದ್ದಳು. ಎಲ್ಲರ ತಟ್ಟೆಗೂ ಬಡಿಸಿ ತಾನು ಕೂರದೆ ನಿಂತಳು.

"ಡೆಲ್ಫೀನಾ, ನಿಮ್ಮಪ್ಪ ಯಾಕೆ ಶಿಳ್ಳೆ ಹಾಕ್ತಿದಾರೆ ಗೊತ್ತಾ? ಎಫ್ರೇನ್‌ಗೆ ಬೇರೆ ಕೆಲಸ ನೋಡ್ಕೋ ಅಂದಿದಾರೆ. ಮಧ್ಯಾಹ್ನದ ಹಾಲು ಇನ್ಮೇಲೆ ನಿಂದಂತೆ. ಕಾಲೇಜು ಇನ್ನೂ ಶುರುವಾಗಿಲ್ಲ, ಹಗ್ಗ ಆಗಲೇ ಕಟ್ಟಿ ಆಯ್ತು. ನೋಡ್ಕೋ."

ಡೆಲ್ಫೀನಾ ಅಪ್ಪನ ಮುಖ ನೋಡಿದಳು. "ನಿಜಾನಾ ಅಪ್ಪ?"

ಆರ್ಲಿಂಡೊ ಫೋರ್ಕಿನಿಂದ ಬೀನ್ಸನ್ನು ಅತ್ತಿಂದಿತ್ತ ತಳ್ಳಿದ. "ಮನೇಲೇ ಇರ್ತೀಯಲ್ಲ... ಎರಡು ಗಂಟೆ ಕೆಲಸ. ಕಾಲೇಜು ಬೆಳಿಗ್ಗೆ ಇರುತ್ತೆ ಅಂದ್ಕೊಂಡೆ. ಹಾಲಿನ ಬೆಲೆ ನಿನಗೂ ಗೊತ್ತು."

"ನನ್ನ ಕೇಳ್ಬಹುದಿತ್ತು."

"ನಿನ್ನದೇ ಹಟ್ಟಿ ಅಲ್ವೇನೇ, ಕೇಳೋದೇನು?"

ಇಷ್ಟು ದಿನ ಇಲ್ಲದ ಕಣ್ಣೀರು ಹುಡುಗಿಯ ಕಣ್ಣಿಗೆ ಬಂತು. ಗೆದ್ದೆ ಎಂದುಕೊಂಡಳು ಓಡೀಲಿಯಾ. ಗೆದ್ದದ್ದಕ್ಕೆ ಬೇಸರವೂ ಆಯಿತು. ಡೆಲ್ಫೀನಾ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ತಟ್ಟೆ ಸರಿಸಿ, ಕೈ ಎರಡನ್ನೂ ಮೇಜಿನ ಮೇಲಿಟ್ಟಳು.

"ಹಾಗಾದ್ರೆ ಈಗಲೇ ಹೇಳ್ತೀನಿ. ಬೆಳಿಗ್ಗೆ ಕರುಗಳಿಗೆ ಹಾಲು ಕುಡಿಸೋದು ನಂದು, ಮೊದಲಿಂದ ನಂದೇ. ಮಧ್ಯಾಹ್ನದ ಹಾಲು ನಂದಲ್ಲ. ಒಂದು ದಿನಕ್ಕೂ ನಂದಲ್ಲ. ನಾನು ಈ ಕಾಲೇಜಿಗೆ ಹೋಗೋದು ಹಸುಗೋಸ್ಕರ ಮನೇಲಿ ಇರೋಕಲ್ಲ, ಕೆಮಿಸ್ಟ್ರಿ ಕಲಿಯೋಕೆ. ಎಫ್ರೇನ್ ಇರ್ಬೇಕು. ಒಪ್ಪಲ್ಲ ಅಂದ್ರೆ ನಾಳೆ ಬೆಳಿಗ್ಗೆ ಯೂನಿವರ್ಸಿಟಿಗೆ ಹೂಂ ಅಂತೀನಿ. ಮುಳುಗಿದ್ರೂ ಅಲ್ಲೇ ಮುಳುಗ್ತೀನಿ."

"ಅಪ್ಪನಿಗೇ ಷರತ್ತಾ?" ಎಂದ ಆರ್ಲಿಂಡೊ.

"ಅಪ್ಪನಿಗೇ."

"ಒಪ್ಪು," ಎಂದಳು ಅಜ್ಜಿ ತಟ್ಟೆಯಿಂದ ತಲೆ ಎತ್ತದೆ. "ನಾನು ಹೋರಿ ಕೊಟ್ಟಿದೀನಿ. ನಿನ್ನಿಂದ ಒಬ್ಬ ಆಳಿನ ಸಂಬಳ ಹೊರಡಲ್ವಾ?"

ಆರ್ಲಿಂಡೊ ಎದ್ದು ಹೊರಗೆ ಹೋದ. ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ, ಶಿಳ್ಳೆಯೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ, ಯಾರಿಗೂ ಅಲ್ಲದ ಹಾಗೆ ಕಿಟಕಿಗೆ ಹೇಳಿದ: "ಎಫ್ರೇನ್‌ಗೆ ಇರು ಅಂದಿದೀನಿ."

ಡೆಲ್ಫೀನಾ ಹೋಗಿ ಅವನ ಕೆನ್ನೆಗೊಂದು ಮುತ್ತು ಕೊಟ್ಟಳು. ಆ ದಿನವೇ ಯೂನಿವರ್ಸಿಟಿಗೆ ಊಹೂಂ ಎಂದಳು. ಓಡೀಲಿಯಾ ತಡೆಯಲಿಲ್ಲ. "ನನಗೆ ನಂಬಿಕೆ ಇಲ್ಲ," ಎಂದಳು. "ನಿನ್ನ ಮೇಲೆ ಅಲ್ಲ. ಈ ಮನೆ ಮೇಲೆ."

ಆಗಸ್ಟ್ ಬಂತು. ಕಾಲೇಜಿನಲ್ಲಿ ಪಾಠಗಳಿಗೆ ಹೆಸರು ಬರೆಸುವಾಗ ಎಲ್ಲವೂ ಸಲೀಸಾಗಿ ಸಿಕ್ಕವು. ಕೆಮಿಸ್ಟ್ರಿಗೆ ಮಾತ್ರ ನೂಕುನುಗ್ಗಲು. ನರ್ಸ್ ಆಗುವವರಿಗೂ ಅದೇ ಬೇಕು, ದನಗಳ ಡಾಕ್ಟರ್ ಆಗುವವರಿಗೂ ಅದೇ. ಡೆಲ್ಫೀನಾಗೆ ಸಿಕ್ಕಿದ್ದು ಮಧ್ಯಾಹ್ನ ಮೂರು ಗಂಟೆಯ ಪಾಠ, ಕೊನೆಯ ಜಾಗ. ಅಲ್ಲೊಂದು ಕಟ್ಟುನಿಟ್ಟಿನ ರೂಢಿ. ಮೊದಲ ದಿನ ಹೆಸರು ಕೂಗಿದಾಗ ಓಗೊಡದವರ ಜಾಗವನ್ನು, ಗೋಡೆಗೆ ಒರಗಿ ಕಾಯುತ್ತಿರುವವರಿಗೆ ಅಲ್ಲೇ ಕೊಟ್ಟುಬಿಡುತ್ತಾರೆ. ಈ ಪಾಠ ಮುಗಿಯದೆ ಮುಂದಿನ ಕೆಮಿಸ್ಟ್ರಿ ಇಲ್ಲ, ಅದಿಲ್ಲದೆ ಅದರ ಮುಂದಿನದಿಲ್ಲ. ಒಂದು ದಿನ ತಪ್ಪಿದರೆ ಎರಡು ವರ್ಷ ಮೂರಾಗುತ್ತದೆ.

ಆ ಮೊದಲ ದಿನ ಓಡೀಲಿಯಾ ಶಾಲೆಯ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ, ಡೆಲ್ಫೀನಾ ಹೊಸ ಚೀಲ ಹೆಗಲಿಗೇರಿಸಿ ಅಡುಗೆಮನೆಯಲ್ಲಿ ನಿಂತಲ್ಲೇ ಬ್ರೆಡ್ಡು ಚೀಸು ತಿನ್ನುತ್ತಿದ್ದಳು. ಹಿಂಬಾಗಿಲು ತೆರೆದು ಆರ್ಲಿಂಡೊ ಒಳಗೆ ಬಂದ. ಬೂಟು ಕೂಡ ಬಿಚ್ಚಿರಲಿಲ್ಲ.

"ಎಫ್ರೇನ್ ಹೋದ. ಹೆಂಡತಿಗೆ ನೋವು ಶುರುವಾಗಿದೆಯಂತೆ, ಆಸ್ಪತ್ರೆಗೆ ಓಡಿದ. ಬೇರೆ ಯಾರೂ ಸಿಗ್ತಿಲ್ಲ. ಇನ್ನೂರು ಹಸು ಕೆಚ್ಚಲು ತುಂಬ್ಕೊಂಡು ನಿಂತಿವೆ." ಅವನು ಮಗಳನ್ನು ನೋಡಿದ. ದನಿಯಲ್ಲಿ ಯಜಮಾನಿಕೆ ಇರಲಿಲ್ಲ, ಕೇಡೂ ಇರಲಿಲ್ಲ, ನಿಜವಾದ ಕಷ್ಟ ಇತ್ತು. "ಇವತ್ತೊಂದು ದಿನ ಕಣೇ. ಇವತ್ತೊಂದು ದಿನ ಕೈಹಿಡಿ. ಮೇಷ್ಟ್ರಿಗೆ ಫೋನ್ ಮಾಡಿ ಹೇಳು, ಅರ್ಥ ಮಾಡ್ಕೋತಾರೆ."

ಡೆಲ್ಫೀನಾ ಬ್ರೆಡ್ಡನ್ನು ಕೆಳಗಿಟ್ಟಳು. ಹೊರಗೆ ಹಸುಗಳು ಕೂಗುತ್ತಿದ್ದವು. ಕೆಚ್ಚಲು ಬಿಗಿದ ಹಸುವಿನ ಕೂಗು ಎಂಥದೆಂದು ಆ ಮನೆಯಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಷರತ್ತು ಹಾಕುವಾಗ ಅಷ್ಟು ಗಟ್ಟಿಯಾಗಿದ್ದ ಹುಡುಗಿಯ ಕೈ ಮೆಲ್ಲಗೆ ಹೆಗಲಿಗೆ ಹೋಗಿ, ಚೀಲದ ಪಟ್ಟಿ ಕೆಳಗೆ ಜಾರಿತು.

"ಹಾಕ್ಕೋ ಚೀಲ," ಎಂದಳು ಓಡೀಲಿಯಾ.

"ಅಮ್ಮ, ಹಸುಗಳು..."

"ಚೀಲ ಹಾಕ್ಕೋ ಅಂದೆ." ಅವಳೇ ಪಟ್ಟಿಯನ್ನು ಎತ್ತಿ ಮಗಳ ಹೆಗಲಿಗೆ ಏರಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು. ದನಿ ಎತ್ತರಿಸಲಿಲ್ಲ. "ಇವತ್ತೊಂದು ದಿನ. ಇದೇ ಅಡುಗೆಮನೆ, ಆರ್ಲಿಂಡೊ. ನೀನು ಇಲ್ಲೇ ನಿಂತಿದ್ದೆ. ಆಗ ತಾನೇ ಮದುವೆ ಆಗಿತ್ತು ನಮಗೆ, ಆಳು ಬಂದಿರ್ಲಿಲ್ಲ. ಲೆಕ್ಕಪತ್ರದ ಪಾಠ, ಮೊದಲ ದಿನ. ಅದೊಂದು ಮುಗಿದಿದ್ರೆ ನಾನು ಯೂನಿವರ್ಸಿಟಿಗೆ ಹೋಗ್ಬಹುದಿತ್ತು. ಇವತ್ತೊಂದು ದಿನ ಕೈಹಿಡಿ ಓಡೀಲಿಯಾ ಅಂದೆ. ಹಿಡಿದೆ. ಮಾರನೇ ದಿನ ಹೋದ್ರೆ ನನ್ನ ಜಾಗದಲ್ಲಿ ಬೇರೆ ಯಾರೋ ಕೂತಿದ್ರು. ಮುಂದಿನ ಸಲ ನೋಡೋಣ ಅಂದ್ಕೊಂಡೆ. ಮುಂದಿನ ಸಲಕ್ಕೆ ಇವಳು ಹೊಟ್ಟೇಲಿದ್ಲು."

ಆರ್ಲಿಂಡೊಗೆ ಅದು ನೆನಪೇ ಇರಲಿಲ್ಲ ಎಂಬುದು ಅವನ ಮುಖದಲ್ಲಿ ಕಂಡಿತು. ಇಷ್ಟು ವರ್ಷ ತಾನು ಹೊತ್ತುಕೊಂಡದ್ದು ಅವನಿಗೆ ಎಂದೂ ಭಾರವಾಗಿರಲೇ ಇಲ್ಲ ಎಂದು ಓಡೀಲಿಯಾಗೆ ನೋವಾಯಿತು. ಜೊತೆಗೇ, ಹೇಳಿದ್ದಕ್ಕೆ ಮೈ ಹಗುರವೂ ಆಯಿತು.

"ಹೋಗು," ಎಂದಳು ಮಗಳಿಗೆ. "ಮೂರು ಗಂಟೆ ಅಂದ್ರೆ ಎರಡೂವರೆಗೆ ಅಲ್ಲಿರು. ಮುಂದಿನ ಸಾಲಲ್ಲಿ ಕೂತ್ಕೋ."

ಡೆಲ್ಫೀನಾ ತಾಯಿಯನ್ನು ಒಮ್ಮೆ ಗಟ್ಟಿಯಾಗಿ ತಬ್ಬಿ, ಓಡಿದಳು. ಕಾರು ಅಂಗಳದ ಧೂಳೆಬ್ಬಿಸಿ ಹೋಯಿತು.

ಓಡೀಲಿಯಾ ಬಾಗಿಲ ಹಿಂದಿನಿಂದ ರಬ್ಬರ್ ಬೂಟು ಎಳೆದುಕೊಂಡಳು. ಶಾಲೆಯ ಕೆಲಸಕ್ಕೆ ಸೇರಿದ ಮೇಲೆ ಅವಳು ಹಾಲು ಕರೆಯುವ ಕೊಟ್ಟಿಗೆಗೆ ಇಳಿದಿರಲಿಲ್ಲ. ಅಜ್ಜಿಯೂ ತಲೆಗೆ ಬಟ್ಟೆ ಕಟ್ಟಿಕೊಂಡು ಕೋಲೂರುತ್ತಾ ಹೊರಟಳು. "ಗೇಟು ತೆಗೆಯೋದು ನನಗೆ ಬರುತ್ತೆ," ಎಂದಳು. "ನೀವಿಬ್ರೂ ಜಗಳ ಆಡ್ಕೊಂಡು ಕರೀರಿ."

ಜಗಳ ಆಡಲಿಲ್ಲ. ಹಾಲು ಕರೆಯುವವರು ನಿಲ್ಲುವ ಉದ್ದನೆಯ ಗುಂಡಿಯ ಆಚೆ ಬದಿಗೆ ಆರ್ಲಿಂಡೊ, ಈಚೆ ಬದಿಗೆ ಓಡೀಲಿಯಾ. ಮೇಲೆ ಎರಡೂ ಕಡೆ ಹಸುಗಳ ಸಾಲು. ಕೆಚ್ಚಲು ಒರೆಸು, ಯಂತ್ರ ಹಚ್ಚು, ತೆಗೆ, ಮೊಲೆತೊಟ್ಟುಗಳನ್ನು ಔಷಧಿಯಲ್ಲಿ ಅದ್ದು. ಕೈಗಳು ಏನನ್ನೂ ಮರೆತಿರಲಿಲ್ಲ, ಬೆನ್ನು ಮಾತ್ರ ಮರೆತಿತ್ತು. ಅರ್ಧ ಹಿಂಡು ಮುಗಿದಾಗ ಆರ್ಲಿಂಡೊ ಆಚೆಯಿಂದ ಕೇಳಿದ.

"ಆಗಲೇ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಏನು ಮಾಡ್ತಿದ್ದೆ?"

ಅವನು ಇನ್ನೊಂದು ಹಸುವಿಗೆ ಯಂತ್ರ ಹಚ್ಚಿದ. "ಗೊತ್ತಿಲ್ಲ," ಎಂದ. ಸುಳ್ಳು ಹೇಳಲಿಲ್ಲವಲ್ಲ ಎಂದು ಅವಳಿಗೆ ಅವನ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತು. ಆಮೇಲೆ ಅವನು ಗುಂಡಿ ದಾಟಿ ಈಚೆಗೆ ಬಂದು, "ಸರಿ, ಈ ಸಾಲು ನಾನು ನೋಡ್ಕೋತೀನಿ, ಬೆನ್ನು ನೆಟ್ಟಗೆ ಮಾಡ್ಕೋ," ಎಂದು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡ.

ಹೊತ್ತು ಮುಳುಗುವ ಮುಂಚೆ ಕಾರು ವಾಪಸು ಬಂತು. ಮೂವರೂ ಕೊಟ್ಟಿಗೆ ತೊಳೆಯುತ್ತಿದ್ದರು. ಡೆಲ್ಫೀನಾ ಹೊಸ ಶೂ ಒದ್ದೆಯಾಗುವುದನ್ನೂ ಲೆಕ್ಕಿಸದೆ ಒಳಗೆ ಬಂದಳು.

"ಎಫ್ರೇನ್‌ಗೆ ಹೆಣ್ಣು ಮಗು," ಎಂದಳು ಅಜ್ಜಿ ಮೊದಲು.

"ಅದಿರ್ಲಿ, ನಿನ್ನದು ಹೇಳು," ಎಂದ ಆರ್ಲಿಂಡೊ.

"ಗೋಡೆ ಉದ್ದಕ್ಕೂ ಜನ ನಿಂತಿದ್ರು ಅಪ್ಪ. ಇಬ್ಬರು ಬಂದಿರ್ಲಿಲ್ಲ. ಹೆಸರು ಕೂಗಿದ್ರು, ಓ ಅನ್ಲಿಲ್ಲ, ಹೊಡೆದುಹಾಕಿದ್ರು. ಕಾಯ್ತಿದ್ದೋರಲ್ಲಿ ಇಬ್ಬರು ಬಂದು ಕೂತೇಬಿಟ್ರು. ಅಷ್ಟೇ ಹೊತ್ತು."

ಓಡೀಲಿಯಾ ನೀರಿನ ಕೊಳವೆಯನ್ನು ನಿಲ್ಲಿಸಿದಳು. "ನಿನ್ನ ಹೆಸರು?"

"ಕೊನೇಲಿ ಬಂತು."

"ಏನಂದೆ?"

"ಎದ್ದು ನಿಂತು, ಇದ್ದೀನಿ ಅಂದೆ." ಡೆಲ್ಫೀನಾ ನಕ್ಕಳು. "ಕೂತೇ ಹೇಳಿದ್ರೂ ಸಾಕಿತ್ತಂತೆ. ಎಲ್ರೂ ನನ್ನೇ ನೋಡಿದ್ರು."

"ನೋಡ್ಲಿ," ಎಂದಳು ಓಡೀಲಿಯಾ.